ಹೊಸೂರಿನ ಜೆಟ್, ಶೋಲಾವರದ ಗಾಳಿ

ಹರಳೆಣ್ಣೆ ಸುಟ್ಟ ವಾಸನೆ ಬಂದರೆ ನನಗೆ ಈಗಲೂ ಮದ್ರಾಸಿನ ಹತ್ತಿರದ ಶೋಲಾವರಂ ರೇಸ್ ನೆನಪಾಗುತ್ತದೆ. ಆಗಿನ ಕೆಲವು ರೇಸ್ ಗಾಡಿಗಳಿಗೆ ಹರಳೆಣ್ಣೆಯಿಂದ ಮಾಡಿದ ಆಯಿಲ್ ಹಾಕುತ್ತಿದ್ದರು. ಆ ಘಾಟು ಒಮ್ಮೆ ಮೂಗಿಗೆ ಹತ್ತಿದರೆ ಜನ್ಮದಲ್ಲಿ ಮರೆಯುವುದಿಲ್ಲ.

1980ರ ದಶಕದ ನಡುವಿನ ಮಾತು. ನನಗೆ 17 ವರ್ಷ. ಹೊಸೂರಿನ ಬಾಗಲೂರು ರಸ್ತೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯುತ್ತಿದ್ದೆ. ನಮ್ಮ ಕಡೆಯ ಒಬ್ಬ ಅಣ್ಣ ತನ್ನ ಯೆಜ್ದಿ 250 ಅನ್ನು ರೇಸಿಗೆ ಇಳಿಸುತ್ತೇನೆ ಅಂದ. ಮೈಸೂರಿನಲ್ಲಿ ತಯಾರಾದ ಗಾಡಿ, ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಲೈಟು, ಮಡ್‌ಗಾರ್ಡು ಎಲ್ಲಾ ಬಿಚ್ಚಿದೆವು. ಎರಡು ವಾರ ರಾತ್ರಿ ಕೂತು ಎಂಜಿನ್ ಕಟ್ಟಿದೆವು.

ಟ್ಯೂನಿಂಗ್ ಮಾಡಿದ್ದು ಬೆಳಗಿನ ಜಾವ, ಖಾಲಿ ರಸ್ತೆಯಲ್ಲಿ. ಟೂ ಸ್ಟ್ರೋಕ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಕನ್ನಡಿ. ಟಾಪ್ ಗೇರಿನಲ್ಲಿ ಪೂರ್ತಿ ಆಕ್ಸಲರೇಟರ್ ಕೊಟ್ಟು ಓಡಿಸಬೇಕು. ಹಾಗೇ ಎಂಜಿನ್ ಆಫ್ ಮಾಡಿ, ಅದೇ ಗಳಿಗೆ ಕ್ಲಚ್ ಹಿಡಿದು, ಗಾಡಿ ತಾನಾಗಿ ನಿಲ್ಲುವವರೆಗೆ ಬಿಡಬೇಕು. ಆಮೇಲೆ ಪ್ಲಗ್ ಬಿಚ್ಚಬೇಕು. ಜೆಟ್ ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ; ನಿಧಾನಕ್ಕೆ ಸ್ಲೋ ಜೆಟ್, ಪೂರ್ತಿ ಆಕ್ಸಲರೇಟರಿಗೆ ಮೈನ್ ಜೆಟ್. ಸ್ಲೋ ಮಾಡಿಕೊಂಡು ಬಂದು ಬಿಚ್ಚಿದರೆ ಸ್ಲೋ ಜೆಟ್ಟಿನ ಬಣ್ಣ ಕಾಣುತ್ತದೆ, ಮೈನ್ ಜೆಟ್ಟಿನದಲ್ಲ. ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಸರಿ. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಬಿಳಿ ಬಂದರೆ ಪೆಟ್ರೋಲ್ ಸಾಲುತ್ತಿಲ್ಲ, ಪಿಸ್ಟನ್ನಿಗೆ ಆಪತ್ತು. ನಮ್ಮದು ಕಾಫಿಪುಡಿ ಬಣ್ಣ ಬಂತು. ಕುಣಿದಾಡಿದೆವು.

ತರಕಾರಿ ಲಾರಿಯಲ್ಲಿ ಗಾಡಿ ಹೇರಿಕೊಂಡು ಮದ್ರಾಸಿಗೆ ಹೋದೆವು. ಶೋಲಾವರಂ ಅಂದರೆ ಎರಡನೇ ಮಹಾಯುದ್ಧದ ಕಾಲದ ವಿಮಾನ ಇಳಿಯುವ ಪಟ್ಟಿ. ನೇರ ಹಾದಿಯ ಕೊನೆ ಬಿಸಿಲಿಗೆ ನೀರಿನ ಹಾಗೆ ಕುಣಿಯುತ್ತಿತ್ತು. ಫಿಯಟ್, ಹೆರಾಲ್ಡ್, ಬೆಂಗಳೂರಿನ ಸಿಪಾನಿ ಡಾಲ್ಫಿನ್, ಎಲ್ಲಾ ಅಲ್ಲಿದ್ದವು. ರಸ್ತೆಯಲ್ಲಿ ದಿನಾ ನೋಡುವ ಕಾರುಗಳೇ, ಆದರೆ ಅಲ್ಲಿ ಅವುಗಳ ಸದ್ದೇ ಬೇರೆ. ನಾನು ಬಾಯಿ ಬಿಟ್ಟುಕೊಂಡು ನಿಂತೆ.

ಪ್ರಾಕ್ಟೀಸಿನಲ್ಲಿ ಅಣ್ಣ ಎರಡನೇ ಸುತ್ತಿಗೆ ನೇರ ಹಾದಿಯಲ್ಲಿ ಪೂರ್ತಿ ಬಿಟ್ಟ. ಸದ್ದು ಒಮ್ಮೆ ಕೀರಲಾಗಿ ಕೇಳಿಸಿತು, ಹಿಂದಿನ ಚಕ್ರ ಉಜ್ಜಿಕೊಂಡು ಬಂತು. ಪಿಸ್ಟನ್ ಸೀಜ್, ಅಂದರೆ ಬಿಸಿಗೆ ಸಿಲಿಂಡರಿನೊಳಗೆ ಕಚ್ಚಿಕೊಂಡಿತ್ತು. ಅವನು ತಕ್ಷಣ ಕ್ಲಚ್ ಹಿಡಿದಿದ್ದಕ್ಕೆ ಬೀಳಲಿಲ್ಲ. ಹೆಡ್ ಬಿಚ್ಚಿದರೆ ಸಿಲಿಂಡರಿನ ಒಳಗೋಡೆಗೆ ಪಿಸ್ಟನ್ನಿನ ಅಲ್ಯುಮಿನಿಯಂ ಮೆತ್ತಿಕೊಂಡಿತ್ತು. ಪ್ಲಗ್ಗು ಸುಣ್ಣದ ಹಾಗೆ ಬಿಳಿ.

ನಾನು ಅತ್ತೆ. ಎಂಜಿನ್ ಕಟ್ಟಿದ್ದು ನನ್ನ ಕೈ ಅಲ್ವಾ? ಮೇಸ್ತ್ರಿ ಮಾತ್ರ ಬೈಯಲಿಲ್ಲ. ಪಕ್ಕದಲ್ಲಿ ಕೂತು ಹೇಳಿದರು: “ಮಗಾ, ನಿನ್ನ ಕೆಲಸ ಸರಿ ಇತ್ತು. ನಾವು ಹೊಸೂರಿನ ಗಾಳಿಗೆ ಜೆಟ್ ಹಾಕಿದ್ವಿ. ಇದು ಸಮುದ್ರದ ಮಗ್ಗುಲ ಗಾಳಿ.”

ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಅಲ್ಲಿ ಗಾಳಿ ನೂರಕ್ಕೆ 8 ಪಾಲಿನಷ್ಟು ತೆಳು. ಮದ್ರಾಸಿಗೆ ಇಳಿದರೆ ಗಾಳಿ ದಟ್ಟ. ಅದೇ ಜೆಟ್ ಇದ್ದರೆ ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹೋಗುವುದಿಲ್ಲ. ಟೂ ಸ್ಟ್ರೋಕಿನಲ್ಲಿ ಆಯಿಲ್ಲೂ ಪೆಟ್ರೋಲಿನ ಜೊತೆಗೇ ಹೋಗಬೇಕು. ಹಾಗಾಗಿ ಬಿಸಿಯೂ ಏರುತ್ತದೆ, ಜಿಡ್ಡೂ ಕಡಿಮೆಯಾಗುತ್ತದೆ. ಊರಲ್ಲಿ ತಿಂಗಳುಗಟ್ಟಲೆ ಗಾಡಿ ಓಡಿಸಿದರೂ ಗೊತ್ತಾಗದ್ದು, ಫುಲ್ ಥ್ರಾಟಲ್‌ನಲ್ಲಿ ಒಂದೇ ನಿಮಿಷಕ್ಕೆ ಬಯಲಾಗುತ್ತದೆ.

ಮುಂದಿನ ವರ್ಷ ಸಿಲಿಂಡರ್ ಬೋರಿಂಗ್ ಮಾಡಿಸಿ, ಎರಡು ಸೈಜ್ ದೊಡ್ಡ ಜೆಟ್ಟುಗಳನ್ನೂ ಜೇಬಿನಲ್ಲಿಟ್ಟುಕೊಂಡು ಹೋದೆವು. ಗೆಲ್ಲಲಿಲ್ಲ. ಆದರೆ ಕೊನೆಯ ಸುತ್ತಿನವರೆಗೂ ಗಾಡಿ ಓಡಿತು. ಅವತ್ತಿನ ಖುಷಿ ಆಮೇಲೆ ಯಾವುದಕ್ಕೂ ಆಗಿಲ್ಲ.

ಈಗ ನನ್ನದೇ ಒಂದು ಯೆಜ್ದಿ ಇದೆ. ಗುಜರಿಯಿಂದ ತಂದು ನಾನೇ ಕಟ್ಟಿದ್ದು. ಹಳೇ ಗಾಡಿ ಮಾಡಿಸುವವರು ಕ್ರೋಮ್, ಪೇಂಟ್‌ಗೆ ತುಂಬಾ ದುಡ್ಡು ಸುರಿಯುತ್ತಾರೆ, ಪ್ಲಗ್ ಮಾತ್ರ ಬಿಚ್ಚಿ ನೋಡುವುದಿಲ್ಲ. ನನಗೆ ಅದು ಸಂಕಟ. ಹೋದ ಸಲ ಮದ್ರಾಸಿನ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿನಲ್ಲಿ ರೇಸ್ ನೋಡಲು ಅದರಲ್ಲೇ ಹೊರಟೆ. ಕೃಷ್ಣಗಿರಿ ದಾಟಿ ಇಳಿದು ಆಂಬೂರಿನಲ್ಲಿ ನಿಲ್ಲಿಸಿ, ರಸ್ತೆ ಬದಿಯ ಹುಣಸೆ ಮರದ ಕೆಳಗೆ ದೊಡ್ಡ ಜೆಟ್ ಹಾಕಿದೆ. ಹತ್ತು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿದೆ. ಕಾಫಿಪುಡಿ ಬಣ್ಣ. ಬಟ್ಟೆಯಲ್ಲಿ ಒರೆಸಿ ಮತ್ತೆ ತಿರುವಿ, ಕಿಕ್ ಹೊಡೆದೆ.