ತಾಮ್ರ ತಿಂದ ನೊಣದ ಮೊಮ್ಮಕ್ಕಳನ್ನು ಪರೀಕ್ಷಿಸುವುದು ಹೇಗೆ?

ಭಾರಲೋಹದ ಮೇಲೆ ಪ್ರಾಜೆಕ್ಟ್ ಮಾಡ್ತೀವಿ ಅಂತ ಬರುವ ಬಿಎಸ್ಸಿ ಮಕ್ಕಳಿಗೆ ನಾನು ತಾಮ್ರವನ್ನೇ ಕೊಡುತ್ತೇನೆ. ಅಜ್ಜಿ ತಾಮ್ರ ತಿಂದದ್ದರ ಪರಿಣಾಮ, ತಾಮ್ರವನ್ನೇ ಕಾಣದ ಮೊಮ್ಮಕ್ಕಳ ವರ್ತನೆಯಲ್ಲೂ ಕಾಣುತ್ತದಾ ಅನ್ನುವುದೇ ಪ್ರಶ್ನೆ. ಸೀಸ, ಕ್ಯಾಡ್ಮಿಯಂ ಅವರ ಕೈಗೆ ಬೇಡ. ನಮ್ಮ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ವರ್ಷವೂ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ವಾ? ಆ ಮೈಲುತುತ್ತದ ತಾಮ್ರ ಮಣ್ಣಿನಲ್ಲಿ ಉಳಿದುಬಿಡುತ್ತದೆ.

ಕೀಟಕ್ಕೆ ಹಣ್ಣಿನ ನೊಣ, ಡ್ರೊಸೊಫಿಲಾ ಮೆಲನೊಗ್ಯಾಸ್ಟರ್. 25 ಡಿಗ್ರಿಯಲ್ಲಿ ಸುಮಾರು 10 ದಿನಕ್ಕೆ ಮೊಟ್ಟೆಯಿಂದ ನೊಣ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿ ಇದರ ಸ್ಟಾಕ್ ಸೆಂಟರ್ ಇದೆ, ತಳಿಗೆ ಅಲ್ಲಿ ವಿಚಾರಿಸಿ.

ಆಹಾರಕ್ಕೆ 1 ಲೀಟರ್ ಡಿಸ್ಟಿಲ್ಡ್ ನೀರು, ರವೆ 100 ಗ್ರಾಂ, ಬೆಲ್ಲ 100 ಗ್ರಾಂ, ಗಟ್ಟಿಯಾಗಲು ಅಗರ್ ಪುಡಿ 10 ಗ್ರಾಂ. ಬೇಯಿಸಿ ಇಳಿಸಿದ ಮೇಲೆ, ಬೂಸ್ಟು ಹಿಡಿಯದಂತೆ ಪ್ರೊಪಿಯಾನಿಕ್ ಆಮ್ಲ 7.5 ಮಿಲಿ. ಒಂದೇ ಪಾತ್ರೆಯಲ್ಲಿ ಮಾಡಿ, ಆಮೇಲೆ ಎರಡು ಪಾಲು ಮಾಡಿ. ಬೆಲ್ಲದಲ್ಲೂ ಖನಿಜ ಇರುತ್ತದೆ. ಬೇರೆ ಬೇರೆ ಅಚ್ಚಿನ ಬೆಲ್ಲ ಹಾಕಿದರೆ ಹೋಲಿಕೆ ಕೆಟ್ಟಿತು. ಒಂದು ಪಾಲಿಗೆ ಲೀಟರಿಗೆ 0.25 ಗ್ರಾಂ ಲೆಕ್ಕದಲ್ಲಿ ಕಾಪರ್ ಸಲ್ಫೇಟ್ (ಅದೇ ಮೈಲುತುತ್ತ) ನೀರಿನಲ್ಲಿ ಕರಗಿಸಿ ಹಾಕಿ. ಇನ್ನೊಂದಕ್ಕೆ ಅಷ್ಟೇ ಬರೀ ನೀರು.

ಎರಡೂ ಕಡೆ ಬಾಟಲಿಗೆ 50 ಮೊಟ್ಟೆ ಎಣಿಸಿ ಇಡಿ. ಎಷ್ಟು ನೊಣ ಹೊರಬಂದವು ಅನ್ನುವುದನ್ನು ತಪ್ಪದೆ ಬರೆಯಿರಿ. ಬೇಜಾರಿನ ಕೆಲಸ, ಆದರೆ ಪ್ರಾಜೆಕ್ಟ್ ನಿಲ್ಲುವುದೇ ಇದರ ಮೇಲೆ. ತಾಮ್ರದ ಬಾಟಲಿಯಲ್ಲಿ ಜಾಸ್ತಿ ಹುಳ ಸತ್ತರೆ ಗಟ್ಟಿ ಜೀನ್ ಇದ್ದವು ಮಾತ್ರ ಉಳಿದಿರಬಹುದು. ತಾಮ್ರವನ್ನು ಹಿಡಿದಿಡುವ ಮೆಟಲೋಥಯೋನಿನ್ ಪ್ರೋಟೀನಿನ ಜೀನ್‌ನ ಒಂದೇ ಕ್ರೋಮೋಸೋಮಿನಲ್ಲಿ ಎರಡೆರಡು ಪ್ರತಿ ಇರುವ ನೊಣಗಳು ಪ್ರಕೃತಿಯಲ್ಲೂ ಸಿಕ್ಕಿವೆ. ಹಾಗೆ ಉಳಿದ ನೊಣಗಳ ಮಕ್ಕಳು ಚುರುಕಾಗಿದ್ದರೆ ಅದು ಆಯ್ಕೆಯ ಫಲವಿರಬಹುದು, ಅಮ್ಮ ತಾಮ್ರ ತಿಂದ ಅನುಭವದ್ದಲ್ಲ. ಸಾವು ಹೆಚ್ಚಾದರೆ ತಾಮ್ರ ಇಳಿಸಿ, ಮೊದಲಿಂದ ಶುರುಮಾಡಿ.

ಹೊರಬಂದ ನೊಣಗಳನ್ನೆಲ್ಲ ಶುದ್ಧ ಆಹಾರಕ್ಕೆ ಹಾಕಿ. ಮಕ್ಕಳಲ್ಲಿ ವ್ಯತ್ಯಾಸ ಕಂಡರೂ ಕುಣಿಯಬೇಡಿ. ಆ ಮೊಟ್ಟೆಗಳು ತಯಾರಾದದ್ದು ತಾಮ್ರ ತಿಂದ ತಾಯಿಯ ಹೊಟ್ಟೆಯಲ್ಲಿ, ತಾಮ್ರ ನೇರವಾಗಿಯೇ ತಟ್ಟಿರಬಹುದು. ಮೊಮ್ಮಕ್ಕಳವರೆಗೆ ಶುದ್ಧ ಆಹಾರದಲ್ಲೇ ಸಾಕಿ. ನಾನಂತೂ ಮರಿಮಕ್ಕಳನ್ನೂ ನೋಡದೆ ರಿಪೋರ್ಟಿಗೆ ಸಹಿ ಹಾಕುವುದಿಲ್ಲ.

ವರ್ತನೆ ಅಳೆಯುವುದು ಸುಲಭ. ಒಂದೇ ವಯಸ್ಸಿನ 10 ನೊಣಗಳನ್ನು ಗಾಜಿನ ಕೊಳವೆಗೆ ಬಿಡಿ. ಎಣಿಸಲು ಮಂಪರು ಬರಿಸಲು ಈಥರ್ ಕೊಟ್ಟಿದ್ದರೆ ಒಂದು ದಿನ ಬಿಟ್ಟು ಮಾಡಿ. ಕೊಳವೆ ತಟ್ಟಿ ಕೆಳಗೆ ಬೀಳಿಸಿ, 10 ಸೆಕೆಂಡಿನಲ್ಲಿ ಮೇಲೆ ಹತ್ತಿ 8 ಸೆಂಟಿಮೀಟರ್ ಗೆರೆ ದಾಟಿದವನ್ನು ಎಣಿಸಿ. ಎಣಿಸುವವರಿಗೆ ಯಾವುದು ತಾಮ್ರದ ವಂಶ ಅಂತ ಗೊತ್ತಿರಬಾರದು. ಚೀಟಿಯಲ್ಲಿ ಬರೀ ಸಂಕೇತ ಇರಲಿ. ಇನ್ನೊಂದು ಪರೀಕ್ಷೆ ನನಗೆ ಇನ್ನೂ ಇಷ್ಟ: ತಟ್ಟೆಯ ಅರ್ಧಕ್ಕೆ ತಾಮ್ರದ ಆಹಾರ, ಅರ್ಧಕ್ಕೆ ಶುದ್ಧ ಆಹಾರ ಹಾಕಿ ಹೆಣ್ಣುಗಳನ್ನು ಬಿಡಿ. ಸಾಮಾನ್ಯವಾಗಿ ತಾಮ್ರ ಜಾಸ್ತಿಯಿದ್ದ ಕಡೆ ಅವು ಮೊಟ್ಟೆ ಇಡಲು ಹಿಂಜರಿಯುತ್ತವೆ. ತಾಮ್ರ ತಿಂದ ಅಜ್ಜಿಯ ಮೊಮ್ಮಗಳೂ ಅಷ್ಟೇ ಹಿಂಜರಿಯುತ್ತಾಳಾ, ಮೊಟ್ಟೆ ಎಣಿಸಿ ನೋಡಿ.

ಉಳಿದ ತಾಮ್ರದ ಆಹಾರವನ್ನು ಸಿಂಕಿಗೆ ಸುರಿಯಬೇಡಿ. ಹೆಸರು ಬರೆದ ಕ್ಯಾನಿಗೆ ಹಾಕಿ, ಲ್ಯಾಬಿನವರಿಗೆ ಕೊಡಿ.