ಸಂತೆಯ ದಿನವೇ ಡಿಪೋ ಇಂಜೆಕ್ಷನ್: ತೋಟದ ಲೈನ್‌ಮನೆಗಳ ನಡುವೆ ನನ್ನ ಅನುಭವ

ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವ ತೋಟದ ಕಾರ್ಮಿಕರಿಗೆ ಡಿಪೋ ಇಂಜೆಕ್ಷನ್ನನ್ನು, ಅಂದರೆ ಒಮ್ಮೆ ಕೊಟ್ಟರೆ ವಾರಗಟ್ಟಲೆ ಮೈಯಲ್ಲಿದ್ದು ಕೆಲಸ ಮಾಡುವ ಮದ್ದನ್ನು, ಭಾನುವಾರ, ಸಂತೆಯ ದಿನವೇ ಕೊಡೋಣ ಎಂದು ನಾನು ಹೇಳಿದಾಗ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ವಾರದ ಬಟವಾಡೆ ಕೈಯಲ್ಲಿರುವವರು ಆಸ್ಪತ್ರೆಯ ಕಡೆ ತಿರುಗಿಯೂ ನೋಡುವುದಿಲ್ಲ ಎಂಬುದು ಅವರ ವಾದವಾಗಿತ್ತು. ಈಗ ಕೊಡಗಿನ ಸಿದ್ದಾಪುರ, ಗೋಣಿಕೊಪ್ಪಲು ಸುತ್ತಿನ ಕಾಫಿ ತೋಟಗಳಿಂದ ಸುಮಾರು 40 ಮಂದಿ ತಪ್ಪದೆ ಬರುತ್ತಿದ್ದಾರೆ, ಮತ್ತೆ ಒಳರೋಗಿಯಾಗಿ ಸೇರಬೇಕಾದವರು ಬೆರಳೆಣಿಕೆಯಷ್ಟು. ಅಂದು ಅನುಮಾನಪಟ್ಟವರೇ ಇಂದು ತಮ್ಮ ತಾಲ್ಲೂಕಿನಲ್ಲಿ ಇದನ್ನು ಹೇಗೆ ಮಾಡುವುದೆಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೂ ಮುನ್ನ ಹಿಡಿದ ದಾರಿಗಳೆಲ್ಲ ಕೈಕೊಟ್ಟಿದ್ದವು. ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಟ್ಟು ಕಳಿಸಿದರೆ ಎರಡನೆಯ ವಾರಕ್ಕೆ ಸೇವನೆ ನಿಲ್ಲುತ್ತಿತ್ತು. ಆಷಾಢದ ಮಳೆಯಲ್ಲಿ ಸೋರುವ ಲೈನ್‌ಮನೆಯೊಳಗೆ, ಅಂದರೆ ಕಾರ್ಮಿಕರ ಸಾಲುಮನೆಯೊಳಗೆ, ಮಾತ್ರೆಯ ಪಟ್ಟಿಗಳು ತೋಯ್ದು ಹಾಳಾಗುತ್ತಿದ್ದವು. ಫೋನ್ ಮಾಡಿ ನೆನಪಿಸೋಣವೆಂದರೆ ಅರ್ಧ ತೋಟಗಳಲ್ಲಿ ನೆಟ್‌ವರ್ಕ್ ಸಿಗದು. ಮನೆಭೇಟಿಯಂತೂ ತಿರುಗುಬಾಣವಾಯಿತು: ಸರ್ಕಾರಿ ಜೀಪು ಲೈನಿನ ಮುಂದೆ ನಿಂತ ಮರುದಿನವೇ ಅಕ್ಕಪಕ್ಕದವರು ಆ ಮನೆಯ ಹೆಣ್ಣುಮಕ್ಕಳ ಮದುವೆಯ ವಿಷಯ ಎತ್ತಿ ಆಡಿಕೊಂಡರು, ಮುಂದಿನ ಸಲ ಹೋದಾಗ ಆ ಮನೆಯ ಬಾಗಿಲು ತೆರೆಯಲಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಹಣದ್ದು. ಔಷಧ ಉಚಿತ ಎಂದು ನಾವು ಹೇಳುತ್ತೇವೆ. ಆದರೆ ಕೆಲಸದ ದಿನ ಮಡಿಕೇರಿಗೆ ಬರಬೇಕೆಂದರೆ ರೋಗಿಯ ಕೂಲಿ ಹೋಯಿತು, ಜೊತೆಗೆ ಬರುವವರ ಕೂಲಿಯೂ ಹೋಯಿತು, ಬಸ್ಸು ಮತ್ತು ಊಟ ಸೇರಿದರೆ ಒಂದು ಭೇಟಿಗೆ ಸಾವಿರ ರೂಪಾಯಿಯ ಆಸುಪಾಸು ಕೈಬಿಡುತ್ತಿತ್ತು. ಕುಯ್ಲಿನ ದಿನಗಳಲ್ಲಿ ನಷ್ಟ ಇನ್ನೂ ಹೆಚ್ಚು. ಸಂತೆಗೆ ಹೇಗೂ ಅಕ್ಕಿ, ಒಣಮೀನು, ತರಕಾರಿಗೆಂದು ಬರಲೇಬೇಕು. ಮೈದಾನದಿಂದ ನಡೆದು ಹೋಗುವಷ್ಟು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಭಾನುವಾರವೂ ಪಾಳಿಯ ನರ್ಸ್ ಇರುತ್ತಾರೆ, ಕೊಠಡಿ ತೆರೆದೇ ಇರುತ್ತದೆ. ಮನೋವೈದ್ಯರ ಲಿಖಿತ ಆದೇಶದ ಮೇಲೆ ಅಲ್ಲಿ ಇಂಜೆಕ್ಷನ್ ಕೊಡುವುದಕ್ಕೆ ಹೊಸದಾಗಿ ಒಂದು ರೂಪಾಯಿಯೂ ಬೇಕಾಗಲಿಲ್ಲ. ಸರ್ಕಾರಿ ಪೂರೈಕೆ ನಿಂತ ಕೆಲವು ತಿಂಗಳು ಮಾತ್ರ ಆಂಪ್ಯೂಲ್‌ಗಳನ್ನು ಹೊರಗೆ ಕೊಂಡೆವು, ಒಂದಕ್ಕೆ ನೂರು ರೂಪಾಯಿಯೊಳಗೇ ಆಗಿತ್ತೆಂದು ನೆನಪು.

ನಾವು ಹೆಚ್ಚಾಗಿ ಬಳಸುವ ಡಿಪೋ ಮದ್ದು ಫ್ಲೂಫೆನಜೀನ್ ಡೆಕನೋಯೇಟ್. ಮೊದಲು 12.5 ಮಿಲಿಗ್ರಾಂ ಕೊಟ್ಟು ನೋಡಿ, ತಾಳಿಕೆಯಾದರೆ 25 ಮಿಲಿಗ್ರಾಂ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ. ಇದು ಎಳ್ಳೆಣ್ಣೆಯಲ್ಲಿ ಕರಗಿಸಿದ ಮದ್ದು ಎಂಬುದನ್ನು ಕೊಡಗಿನ ಮಳೆಗಾಲದಲ್ಲಿ ಮರೆಯುವಂತಿಲ್ಲ. ಜುಲೈನ ಚಳಿಗೆ ಎಣ್ಣೆ ಮಂದವಾಗಿ ಸಿರಿಂಜಿಗೆ ಏರಲು ಸತಾಯಿಸುತ್ತದೆ, ಅವಸರಪಟ್ಟು ಎಳೆದರೆ ಗುಳ್ಳೆಗಳು ತುಂಬಿಕೊಳ್ಳುತ್ತವೆ. ಆಂಪ್ಯೂಲನ್ನು ಸ್ವಲ್ಪ ಹೊತ್ತು ಮುಷ್ಟಿಯಲ್ಲಿ ಹಿಡಿದು ಬೆಚ್ಚಗಾದ ಮೇಲೆ 21 ಗೇಜ್ ಸೂಜಿಯಲ್ಲಿ ನಿಧಾನವಾಗಿ ಎಳೆಯುತ್ತೇನೆ. ಸೂಜಿಯಾಗಲಿ ಸಿರಿಂಜಾಗಲಿ ತುಸು ತೇವವಾಗಿದ್ದರೂ ದ್ರವ ಮಬ್ಬಾಗುತ್ತದೆ, ಆದ್ದರಿಂದ ಒಣ ಕೈಯಿಂದ ಕೊನೆಯ ಕ್ಷಣದಲ್ಲೇ ಪೊಟ್ಟಣ ಬಿಡಿಸಬೇಕು. ಪೃಷ್ಠದ ಸ್ನಾಯುವಿನಲ್ಲಿ ಚರ್ಮವನ್ನು ಪಕ್ಕಕ್ಕೆಳೆದು ಆಳವಾಗಿ ಕೊಟ್ಟು, ಸೂಜಿ ತೆಗೆದ ಮೇಲೆ ಉಜ್ಜಬಾರದು. ಉಜ್ಜಿಸಿಕೊಂಡವರೇ ಮರುವಾರ ಗಂಟು ನೋಯುತ್ತದೆ ಎಂದು ದೂರುತ್ತಿದ್ದರು.

ಅಡ್ಡಪರಿಣಾಮವನ್ನು ಅಳೆಯಲು ನಾನು ಕಂಡುಕೊಂಡದ್ದು ಕುಯ್ಲಿನ ತೂಕದ ಚೀಟಿ. ಕಾಫಿ ಹಣ್ಣು ಕುಯ್ಯುವವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವುದರಿಂದ ದಿನದ ತೂಕ ಅವರ ಬಳಿಯೇ ಇರುತ್ತದೆ. ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳುವುದಿಲ್ಲ, ಕೇಳಿದರೆ ಕಾಯಿಲೆಯ ಗುಟ್ಟು ತೋಟವಿಡೀ ಹರಡುತ್ತದೆ. ರೋಗಿ ತಾನಾಗಿ ತೋರಿಸಿದರೆ ಮಾತ್ರ ನೋಡುತ್ತೇನೆ. ಇಂಜೆಕ್ಷನ್ ಆದ ಮೊದಲ ವಾರದಲ್ಲೇ ತೂಕ ಇಳಿದರೆ ಬೆರಳು ನಡುಗುತ್ತಿರಬಹುದು ಅಥವಾ ಕಾಲು ಒಂದೆಡೆ ನಿಲ್ಲದ ಅಕಥೀಸಿಯಾ ಇರಬಹುದು. ಮುಂದಿನ ಡೋಸಿನ ಹೊತ್ತಿಗೆ ಇಳಿದು, ನಿದ್ದೆಯೂ ಕೆಟ್ಟಿದ್ದರೆ ಕಾಯಿಲೆ ಮರುಕಳಿಸುವ ಸೂಚನೆ. ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್, ಅಕಥೀಸಿಯಾಕ್ಕೆ ಪ್ರೊಪ್ರನೊಲಾಲ್ ಎಂದು ವೈದ್ಯರು ಬದಲಿಸಿಕೊಡುತ್ತಾರೆ. ಅಕಥೀಸಿಯಾವನ್ನು ಉದ್ರೇಕವೆಂದು ಬಗೆದು ಡೋಸ್ ಏರಿಸಿದರೆ ರೋಗಿಯ ಸಂಕಟ ಇಮ್ಮಡಿಯಾಗುತ್ತದೆ ಎಂಬುದನ್ನು ಹೊಸ ನರ್ಸ್‌ಗಳಿಗೆ ಮತ್ತೆ ಮತ್ತೆ ಹೇಳಬೇಕಾಗಿದೆ.

ಇದೇ ಹೊತ್ತಿನಲ್ಲಿ ಅದೇ ಕಾಯಿಲೆಗೆ ಕೊಡುವ ಇನ್ನೊಂದು ಮದ್ದಾದ ಕ್ಲೋಜಪೀನ್ ತೆಗೆದುಕೊಳ್ಳುವ ಕೆಲವರ ಕಾಫಿ ಮತ್ತು ಬೀಡಿಯ ಲೆಕ್ಕವನ್ನೂ ಬರೆದಿಡತೊಡಗಿದೆ. ಕೆಫೀನ್ ಆ ಔಷಧದ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ, ಬೀಡಿಯ ಹೊಗೆ ಇಳಿಸುತ್ತದೆ. ದಿನಕ್ಕೆ ಏಳೆಂಟು ಲೋಟ ಬೆಲ್ಲದ ಕಾಫಿ ಕುಡಿಯುವ ನಮ್ಮ ಜಿಲ್ಲೆಯಲ್ಲಿ ಇದು ಕಡೆಗಣಿಸುವ ವಿಷಯವಲ್ಲ. ವಾರ್ಡಿಗೆ ಸೇರಿ ಬೀಡಿ ಬಿಟ್ಟ ಒಬ್ಬರು ವಾರದೊಳಗೆ ಜೊಲ್ಲು ಸುರಿಸುತ್ತ ತೂಕಡಿಸತೊಡಗಿದಾಗ ಬೀಡಿಯ ಲೆಕ್ಕ ತೋರಿಸಿದೆ, ವೈದ್ಯರು ಡೋಸ್ ಇಳಿಸಿದರು. ಪಟ್ಟಿ ಪೂರ್ಣವಾಗಲಿಲ್ಲ, ಆದರೆ ಈಗ ಪ್ರತಿ ಕೇಸ್‌ಶೀಟಿನಲ್ಲೂ ಆ ಎರಡು ಸಾಲು ಇವೆ.

ರೋಗನಿರ್ಣಯದಲ್ಲಿ ಇಲ್ಲಿ ಹೆಚ್ಚು ಎಡವಿಸುವುದು ಮದ್ಯ. ಕುಡಿತ ನಿಲ್ಲಿಸಿದ ಎರಡು ಮೂರು ದಿನಕ್ಕೆ ಮೈನಡುಗಿ, ಗೋಡೆಯ ಮೇಲೆ ಹುಳು ಕಾಣುತ್ತದೆ ಎನ್ನುವವರು, ದಿನ ವಾರ ತಿಳಿಯದವರು ಡಿಪೋ ಸರದಿಗೆ ಸೇರಿದವರಲ್ಲ. ಅವರನ್ನು ಅಂದೇ ದಾಖಲಿಸಬೇಕು, ಗ್ಲೂಕೋಸ್ ಏರಿಸುವ ಮುನ್ನ ಥಯಮಿನ್ (ಬಿ1 ಜೀವಸತ್ವ) ಕೊಡಬೇಕು.

ಊಟದಲ್ಲಿ ಮಾತ್ರೆ ಬೆರೆಸಿಕೊಡಿ ಎಂದು ಮನೆಯವರು ಬೇಡಿಕೊಂಡದ್ದುಂಟು. ಅದಕ್ಕೆ ನಾನು ಎಂದೂ ಒಪ್ಪಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬರುವ ಮೊದಲಿನಿಂದಲೂ ಒಪ್ಪಿಗೆ ಕೇಳಿಯೇ ಸೂಜಿ ಹಿಡಿದಿದ್ದೇನೆ. ಮೊದಲ ಭಾನುವಾರ ರೋಗಿಗಳನ್ನು ಬಾಗಿಲವರೆಗೆ ಕರೆತರುವ ಮಾತು ಯಾವುದು, ಮೇಸ್ತ್ರಿಗೆ ಏನು ಹೇಳುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದು ಮೇಸ್ತ್ರಿಗಳ ಕಿವಿಗೂ ಬೀಳುತ್ತದೆ. ಜೊತೆಯಲ್ಲಿ ನಿಂತು ನೋಡಲು ಬರುವ ನರ್ಸ್‌ಗಳಿಗೆ ತೋರಿಸಿಕೊಡುತ್ತೇನೆ.

ಕುಯ್ಲು ಮುಗಿದೊಡನೆ ಹಲವರು ವಯನಾಡಿಗೆ, ಕೆಲವರು ಅಸ್ಸಾಮಿಗೆ ಹೊರಡುತ್ತಾರೆ. ಅವರ ಜೇಬಿಗೆ ಪ್ಲಾಸ್ಟಿಕ್ ಹೊದಿಸಿದ ಚೀಟಿ ಹಾಕುತ್ತೇವೆ: ಮದ್ದಿನ ಹೆಸರು, ಡೋಸ್, ಕೊನೆಯ ಮತ್ತು ಮುಂದಿನ ದಿನಾಂಕ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಸಂಖ್ಯೆ 14416. ಕಾಯಿಲೆಯ ಹೆಸರನ್ನು ಮಾತ್ರ ಅದರಲ್ಲಿ ಬರೆಯುವುದಿಲ್ಲ.