ಜೋಡಿ ಗೆರೆಯ ವಂಶವೃಕ್ಷ

ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶದಲ್ಲಿ ಹರಿದುಬರುವ ರೋಗಗಳ ಬಗ್ಗೆ ಕುಟುಂಬಗಳಿಗೆ ತಿಳಿಹೇಳುವವಳಾದ ನನ್ನ ಕೆಲಸ ಶುರುವಾಗುವುದು ಪೆಥಾಲಜಿ ರಿಪೋರ್ಟಿನ ಒಂದು ಸಾಲಿನಿಂದ: ಕರುಳಿನ ಗಡ್ಡೆಯಲ್ಲಿ ಎಂಎಸ್‌ಎಚ್2 (ಡಿಎನ್‌ಎ ನಕಲಾಗುವಾಗಿನ ತಪ್ಪು ತಿದ್ದುವ) ಪ್ರೋಟೀನ್ ಇಲ್ಲ. ಅಂದರೆ ಲಿಂಚ್ ಸಿಂಡ್ರೋಮ್ ಅನುಮಾನ: ಕರುಳು, ಗರ್ಭಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ, ವಂಶದಲ್ಲಿ ಬರುವ ಜೀನ್ ದೋಷ ಅದು. ರೋಗಿಯ ರಕ್ತದಲ್ಲಿ ಜೀನಿನ ದೋಷ ಖಚಿತವಾದರೆ ಒಡಹುಟ್ಟಿದವರಿಗೆ, ಮಕ್ಕಳಿಗೆ ಅದು ಬಂದಿರುವ ಸಾಧ್ಯತೆ ತಲಾ 50%. ಅವರಲ್ಲಿ ಆ ಒಂದೇ ದೋಷ ಹುಡುಕಿದರೆ ಸಾಕು, ಖರ್ಚೂ ಕಡಿಮೆ.

ಕಷ್ಟವಿರುವುದು ಅವರನ್ನು ಕರೆಸುವುದರಲ್ಲಿ. ನಾನಾಗಿಯೇ ಫೋನ್ ಮಾಡುವಂತಿಲ್ಲ, ರೋಗಿಯೇ ಹೇಳಬೇಕು. ಹಾಗಾಗಿ ವಂಶವೃಕ್ಷ ಬರೆಯುವಾಗಲೇ ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ನೋಡಿಕೊಳ್ಳುತ್ತೇನೆ. ಗಂಡಸರು ಸಾಮಾನ್ಯವಾಗಿ "ನಮ್ಮಲ್ಲಿ ಯಾರಿಗೂ ಇಲ್ಲ ಮೇಡಂ" ಅಂದುಬಿಡುತ್ತಾರೆ. ಹಾಸನ ಕಡೆಯ ಒಬ್ಬ ಯುವಕ ಹೀಗೆ ಅಂದಾಗ, ಜೊತೆಗೆ ಬಂದಿದ್ದ ಸೋದರತ್ತೆ ಬೆರಳು ಮಡಚತೊಡಗಿದರು: "ನಮ್ಮಪ್ಪ ಹೊಟ್ಟೆಗಡ್ಡೆಯಾಗಿ ಹೋದ್ರು. ದೊಡ್ಡಣ್ಣನಿಗೂ ಅದೇ. ಅಕ್ಕನಿಗೆ ನಲವತ್ತೆರಡಕ್ಕೇ ಗರ್ಭಕೋಶ ತೆಗೆದ್ರು."

ಆ ಗರ್ಭಕೋಶ ದೊಡ್ಡ ಸುಳಿವು. ಈ ದೋಷವಿರುವ ಹೆಂಗಸರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಅಪಾಯ ಕರುಳಿನದ್ದಕ್ಕೆ ಹೆಚ್ಚುಕಮ್ಮಿ ಸಮ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು "ಅವರು ಬೇರೆ ಮನೆಯವರು" ಎಂದು ಪಟ್ಟಿಯಿಂದ ಬಿಡಲು ನಾನು ಒಪ್ಪುವುದೇ ಇಲ್ಲ.

ನಮ್ಮ ಕಡೆಯ ವಂಶವೃಕ್ಷದಲ್ಲಿ ಜೋಡಿ ಗೆರೆಗಳೂ ಬರುತ್ತವೆ. ಸಂಬಂಧದಲ್ಲೇ ಆದ ಮದುವೆಗೆ ಹಾಕುವ ಗುರುತು ಅದು. ಗಂಡ ಸೋದರಮಾವನೇ ಆಗಿ, ಇಬ್ಬರಲ್ಲೂ ದೋಷವಿದ್ದರೆ, ಪ್ರತಿ ಮಗುವಿಗೂ ಎರಡೂ ಕಡೆಯಿಂದ ಅದು ಬರುವ ಸಾಧ್ಯತೆ 25%. ಅಂಥ ಮಕ್ಕಳಿಗೆ ಎಳವೆಯಲ್ಲೇ ಮಿದುಳು, ರಕ್ತ, ಕರುಳಿನ ಕ್ಯಾನ್ಸರ್ ಬರಬಹುದು. ಮೈಮೇಲೆ ಕಾಫಿ ಬಣ್ಣದ ಮಚ್ಚೆಗಳಿವೆಯೇ ಎಂದು ಅದಕ್ಕೇ ಕೇಳುತ್ತೇನೆ.

"ಮಗಳಿಗೆ ಗಂಡು ನೋಡ್ತಿದೀವಿ, ಮದುವೆ ಮುಗೀಲಿ" ಅನ್ನುವವರೊಡನೆ ನಾನು ವಾದಕ್ಕಿಳಿಯುವುದಿಲ್ಲ. ಜೀನ್ ಪರೀಕ್ಷೆ ಈಗ ಬೇಡವೆಂದರೆ ಬೇಡ. ಆದರೆ 25 ತುಂಬಿದ್ದರೆ ದೋಷ ಇದೆಯೆಂದೇ ಎಣಿಸಿ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಶುರುಮಾಡಿ, ಎರಡು ವರ್ಷ ಮೀರದಂತೆ ಮತ್ತೆ ಮಾಡಿಸಿ ಅನ್ನುತ್ತೇನೆ. ಫಿನ್ಲೆಂಡಿನಲ್ಲಿ ಇಂಥ ಕುಟುಂಬಗಳನ್ನು 15 ವರ್ಷ ಗಮನಿಸಿದಾಗ, ಮೂರು ವರ್ಷಕ್ಕೊಮ್ಮೆ ಮಾಡಿಸಿಕೊಂಡವರಲ್ಲೂ ಕರುಳಿನ ಕ್ಯಾನ್ಸರ್ ಮಾಡಿಸಿಕೊಳ್ಳದವರಿಗಿಂತ 62% ಕಡಿಮೆಯಿತ್ತು.

ಇನ್ನು ಕೊಲೊನೋಸ್ಕೋಪಿಗೆ ಮುಂಚೆ ಮುದ್ದೆ ತಿನ್ನುವ ವಿಷಯ. ಲಿಂಚ್‌ನಲ್ಲಿ ಪಾಲಿಪ್‌ಗಳು (ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಬೆಳವಣಿಗೆಗಳು) ಚಪ್ಪಟೆಯಾಗಿ, ಹೆಚ್ಚಾಗಿ ಬಲಗಡೆಯ ಕರುಳಿನಲ್ಲಿ ಅಡಗಿರುತ್ತವೆ. ಅಲ್ಲಿ ರಾಗಿಯೋ ಸೊಪ್ಪೋ ಮೆತ್ತಿಕೊಂಡಿದ್ದರೆ ಕಣ್ತಪ್ಪಿ ಹೋಗುತ್ತವೆ. ಪರೀಕ್ಷೆಗೆ ಎರಡು ದಿನ ಮುಂಚೆಯೇ ಎರಡನ್ನೂ ನಿಲ್ಲಿಸಿ, ಬೇಧಿಗೆ ಕೊಟ್ಟ ಪುಡಿಯ ನೀರನ್ನು ಕೊನೆಯ ಲೋಟದವರೆಗೂ ಕುಡಿಯಲೇಬೇಕು.